ಒಂದು ಚುಕ್ಕಿ ಹೆಚ್ಚು, ಒಂದು ಚುಕ್ಕಿ ಕಡಿಮೆ

ಪ್ರೀತಿಯ ಗೆಳೆಯನಿಗೆ,

ನಿನ್ನ ಪತ್ರ ತಲುಪಿತು. ಕಳೆದ ನವೆಂಬರ್‌ನ ಹವ್ಯಾಸಿ ರೇಡಿಯೋ (ಹ್ಯಾಮ್) ಸ್ಪರ್ಧೆಯಲ್ಲಿ ಎಷ್ಟು ಅಂಕ ಬಂತೆಂದು ಕೇಳಿದ್ದೀಯೆ. ಅಂಕಕ್ಕಿಂತಲೂ, ತಿಂಗಳುಗಳ ನಂತರ ಕೈಸೇರಿದ ಲಾಗ್ ಪರಿಶೀಲನಾ ವರದಿಯ ಬಗ್ಗೆ, ಅಂದರೆ ನಾನು ಬರೆದಿಟ್ಟ ಸಂಪರ್ಕಗಳ ಪಟ್ಟಿಯನ್ನು ಎದುರಿನವರ ಪಟ್ಟಿಗಳೊಂದಿಗೆ ಹೋಲಿಸಿ ಕಳಿಸಿದ ವರದಿಯ ಬಗ್ಗೆ, ನಿನಗೆ ಹೇಳಬೇಕೆನಿಸಿದೆ.

ಸಿಕ್ಯೂ ವರ್ಲ್ಡ್ ವೈಡ್ ಸ್ಪರ್ಧೆಯ ಮೋರ್ಸ್ ವಿಭಾಗ, ಅಂದರೆ ಚುಕ್ಕಿ-ಗೆರೆಗಳ ಸಂಕೇತದಲ್ಲೇ ಮಾತಾಡುವ ವಿಭಾಗ, ನಿನಗೆ ಗೊತ್ತೇ ಇದೆ. ನವೆಂಬರ್‌ನ ಕೊನೆಯ ಪೂರ್ಣ ವಾರಾಂತ್ಯದಲ್ಲಿ, ನಮ್ಮ ಗಡಿಯಾರದಂತೆ ಶನಿವಾರ ಬೆಳಿಗ್ಗೆ 5:30ರಿಂದ ಸೋಮವಾರ ಬೆಳಿಗ್ಗೆ 5:30ರವರೆಗೆ, 48 ಗಂಟೆಗಳ ಸ್ಪರ್ಧೆ ಅದು. ಒಬ್ಬರಿಗೊಬ್ಬರು ಕೊಡಬೇಕಾದದ್ದು ಸಿಗ್ನಲ್ ಹೇಗೆ ಕೇಳುತ್ತಿದೆ ಎಂಬ ವರದಿ ಮತ್ತು ಜಗತ್ತಿನ ಯಾವ ವಲಯದಲ್ಲಿದ್ದೇವೆ ಎಂಬ ಸಂಖ್ಯೆ ಮಾತ್ರ. ಮೈಸೂರಿನಿಂದ ನಾನು ಕಳಿಸಿದ್ದು 22. ಇಷ್ಟು ಚಿಕ್ಕ ವಿನಿಮಯದಲ್ಲಿ ತಪ್ಪುವುದಕ್ಕೆ ಏನಿದೆ ಎಂದು ನಾನೂ ನಂಬಿದ್ದೆ. ವರದಿ ಬೇರೆಯೇ ಹೇಳಿತು: 612 ಸಂಪರ್ಕಗಳ ಪೈಕಿ 19ರಲ್ಲಿ ಕರೆಸಂಕೇತವೇ (ಪ್ರತಿ ರೇಡಿಯೋ ಕೇಂದ್ರವನ್ನು ಗುರುತಿಸುವ ಅಕ್ಷರ-ಅಂಕೆಗಳ ಹೆಸರು) ತಪ್ಪು, 11 ಎದುರಿನವರ ಲಾಗ್‌ನಲ್ಲಿ ಇಲ್ಲವೇ ಇಲ್ಲ, 7ರಲ್ಲಿ ವಲಯ ತಪ್ಪು. ಯುರೋಪಿನ ಒಂದು ಸಂಪರ್ಕಕ್ಕೆ ನಮಗೆ 3 ಅಂಕ. ಕರೆಸಂಕೇತ ತಪ್ಪಾಗಿ ಬರೆದರೆ ಆ ಮೂರು ಹೋಗುವುದಲ್ಲದೆ ಅದರ ಎರಡರಷ್ಟು ದಂಡವೂ ಬೀಳುತ್ತದೆ.

ಪುಣ್ಯಕ್ಕೆ 48 ಗಂಟೆಯನ್ನೂ ಧ್ವನಿಮುದ್ರಿಸಿಕೊಂಡಿದ್ದೆ. ಸ್ಪರ್ಧೆ ಮುಗಿದ ಮೇಲೆ ಧ್ವನಿಮುದ್ರಣ ಕೇಳಿ ಲಾಗ್ ತಿದ್ದಲು ನಿಯಮ ಒಪ್ಪುವುದಿಲ್ಲ, ಒಪ್ಪಬಾರದು ಕೂಡ; ಆದರೆ ವರದಿ ಬಂದ ನಂತರ ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದೊಂದು ತಪ್ಪಿನ ಸಮಯವನ್ನೂ ಹುಡುಕಿ, ಹೆಡ್‌ಫೋನ್ ಹಾಕಿಕೊಂಡು, ಎರಡು ಭಾನುವಾರ ಅದನ್ನೇ ಕೇಳುತ್ತ ಕುಳಿತಿದ್ದೆ.

ಶನಿವಾರ ಸಂಜೆಯದೊಂದು ಸಂಪರ್ಕದ ವಿಷಯ ಹೇಳುತ್ತೇನೆ. 15 ಮೀಟರ್ ತರಂಗಾಂತರದ ಬ್ಯಾಂಡ್ ಯುರೋಪಿಗೆ ಚೆನ್ನಾಗಿ ತೆರೆದಿತ್ತು, ಹತ್ತಾರು ಮಂದಿ ಒಟ್ಟಿಗೆ ಕರೆಯುತ್ತಿದ್ದರು. ಜರ್ಮನಿಯವರೊಬ್ಬರ ಕರೆಸಂಕೇತದಲ್ಲಿ ಹೆಚ್ ಅಕ್ಷರವಿತ್ತು, ಅಂದರೆ ನಾಲ್ಕು ಚುಕ್ಕಿ. ನಾನು ಮೂರು ಚುಕ್ಕಿಯ ಎಸ್ ಎಂದು ಬರೆದು, ಹಾಗೆಯೇ ಕಳಿಸಿದೆ. ಅವರು ಸಿಗ್ನಲ್ ವರದಿ ಕೊಡಲಿಲ್ಲ. ಬದಲಿಗೆ ತಮ್ಮ ಕರೆಸಂಕೇತವನ್ನೇ ನಿಧಾನವಾಗಿ ಎರಡು ಸಲ ಕಳಿಸಿದರು. ತಪ್ಪು ತಿಳಿಸಲು ಆಪರೇಟರ್‌ಗಳು ಬಳಸುವ ಸಭ್ಯವಾದ ಕ್ರಮವೇ ಅದು. ಅವರ ಎರಡನೆಯ ಸಲದ ನಡುವೆಯೇ ಧನ್ಯವಾದವನ್ನು ತಾನೇ ಕಳಿಸುವ ಗುಂಡಿಯನ್ನು ನಾನು ಒತ್ತಿಯಾಗಿತ್ತು, ಮುಂದಿನವರಿಗೆ ಕರೆ ಹೋಗಿತ್ತು. ಮುದ್ರಣದಲ್ಲಿ ನನ್ನ ಕರೆ ಮುಗಿದೊಡನೆ ಅವರು ಮತ್ತೊಮ್ಮೆ ಕರೆದು, ನಂತರ ಸುಮ್ಮನಾದದ್ದು ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ಕೇಳಿದಾಗ ನನಗೆ ನಿಜಕ್ಕೂ ನೋವಾಯಿತು, ಏಕೆಂದರೆ ಅಲ್ಲಿಯವರೆಗೆ ತಪ್ಪೆಂದರೆ ನನ್ನ ಅಂಕದ ಲೆಕ್ಕ ಎಂದಷ್ಟೇ ತಿಳಿದಿದ್ದೆ, ಒಬ್ಬ ಮನುಷ್ಯ ನನ್ನನ್ನು ತಿದ್ದಲು ಪ್ರಯತ್ನಿಸುತ್ತಿದ್ದುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಕಾರಣವೂ ಅಲ್ಲೇ ಇತ್ತು. ಮೋರ್ಸ್ ಕಳಿಸುವ ಉಪಕರಣವಾದ ಕೀಯರ್ ಅನ್ನು ನಿಮಿಷಕ್ಕೆ 30 ಪದಗಳಿಗೆ ಇಟ್ಟಿದ್ದೆ. ಆ ವೇಗದಲ್ಲಿ ಒಂದು ಚುಕ್ಕಿಯ ಅವಧಿ 40 ಮಿಲಿಸೆಕೆಂಡ್, ಮತ್ತು ನಾವು ಯಾವ ವೇಗದಲ್ಲಿ ಕರೆಯುತ್ತೇವೆಯೋ ಬಹುತೇಕರು ಅದೇ ವೇಗದಲ್ಲಿ ಉತ್ತರಿಸುತ್ತಾರೆ. ನನ್ನ ಕಿವಿ ತಾಳುವುದು 24, ಹೆಚ್ಚೆಂದರೆ 26. ಹತ್ತೊಂಬತ್ತರಲ್ಲಿ ಹದಿಮೂರು ಇದೇ ಬಗೆಯವು, ಒಂದೇ ಚುಕ್ಕಿಯ ವ್ಯತ್ಯಾಸದವು: ಹೆಚ್ ಇರುವಲ್ಲಿ 5 ಎಂದೋ, 6 ಇರುವಲ್ಲಿ ಬಿ ಎಂದೋ ಬರೆದಿದ್ದೆ. ಉತ್ತರ ಧ್ರುವದ ಹತ್ತಿರದಿಂದ ಹಾದುಬರುವ ಅಮೆರಿಕದ ಸಿಗ್ನಲ್‌ಗಳಲ್ಲಿ ಕಂಪನ ಸೇರಿ ಚುಕ್ಕಿಗಳು ಕಲಸಿಹೋಗಿದ್ದವು ಎನ್ನುವುದೂ ನಿಜ. ಆದರೆ ಅಂಥ ಕಡೆ ಇನ್ನೊಮ್ಮೆ ಕೇಳಬೇಕಿತ್ತು. ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಲು ಒಂದೆರಡು ಸೆಕೆಂಡ್ ಸಾಕು.

ವಲಯದ ತಪ್ಪುಗಳು ಸೋಮಾರಿತನದಿಂದ ಆದವು. ಕರೆಸಂಕೇತ ಬರೆದೊಡನೆ ತಂತ್ರಾಂಶವೇ ವಲಯವನ್ನು ತುಂಬಿಬಿಡುತ್ತದೆ, ನಾನು ಕೇಳುವುದನ್ನು ಬಿಟ್ಟು ಅದನ್ನು ನಂಬಿದೆ. ಕರೆಸಂಕೇತದಲ್ಲಿ 6 ಇದ್ದರೆ ಕ್ಯಾಲಿಫೋರ್ನಿಯ, ವಲಯ 3 ಎಂದು ಅದರ ಊಹೆ. ಆ ವ್ಯಕ್ತಿ ಹಳೆಯ ಕರೆಸಂಕೇತವನ್ನೇ ಇಟ್ಟುಕೊಂಡು ಪೂರ್ವ ಕರಾವಳಿಗೆ ಹೋಗಿ ನೆಲೆಸಿದ್ದರೆ ಕಳಿಸುವುದು 5. ಮುದ್ರಣದಲ್ಲಿ ಆ 5 ಅಚ್ಚುಕಟ್ಟಾಗಿಯೇ ಕೇಳಿಸುತ್ತದೆ.

ಈ ಸಲ ವೇಗವನ್ನು 25ಕ್ಕೆ ಇಳಿಸುತ್ತೇನೆ, ವಲಯವನ್ನು ತಾನೇ ತುಂಬುವ ಸೌಲಭ್ಯವನ್ನು ನಿಲ್ಲಿಸುತ್ತೇನೆ. ಭಾನುವಾರ ರಾತ್ರಿ ಎರಡರ ನಂತರ ತಪ್ಪುಗಳು ಗುಂಪುಗುಂಪಾಗಿರುವುದರಿಂದ ಆ ಹೊತ್ತಿಗೆ ಒಂದೂವರೆ ಗಂಟೆ ಮಲಗುವುದೆಂದೂ ನಿರ್ಧರಿಸಿದ್ದೇನೆ.

ಸ್ಪರ್ಧೆಯ ಹೊತ್ತಿನಲ್ಲಿ ನಿನ್ನ ಕಿವಿಯ ಸಹಾಯ ಪಡೆದರೆ ನಾನು ಏಕವ್ಯಕ್ತಿ ವಿಭಾಗಕ್ಕೆ ಸಲ್ಲುವುದಿಲ್ಲ. ಆದ್ದರಿಂದ ಅದರ ಹಿಂದಿನ ಭಾನುವಾರವೇ ಬಾ. ಮುದ್ರಣದಿಂದ ಮೂವತ್ತು ತುಣುಕುಗಳನ್ನು ಬೇರೆ ತೆಗೆದಿಟ್ಟಿದ್ದೇನೆ. ನೀನು ಬರೆದದ್ದನ್ನು ನನಗೆ ತೋರಿಸದೆ ಬರೆ, ನಾನೂ ಹಾಗೆಯೇ ಬರೆಯುತ್ತೇನೆ, ಆಮೇಲೆ ಇಬ್ಬರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

73 (ನಮ್ಮ ರೇಡಿಯೋ ಭಾಷೆಯಲ್ಲಿ ಶುಭಾಶಯ),
ನಿನ್ನ ಗೆಳೆಯ