ಟಾಪಿಕ್ ಬದಲಾಯಿಸ್ತೀನಿ ಅಂದೆಯಲ್ಲ

ಡೊಂಬಿವಲಿ, ಮಂಗಳವಾರ ರಾತ್ರಿ

ಪುಟ್ಟಿ,

ನಿನ್ನ ಮೇಲ್ ಮೂರು ಸಲ ಓದಿದೆ. ಪುಣೆಯ ಮಳೆ, ಮೆಸ್ಸಿನ ಊಟ, ರೂಮ್‌ಮೇಟ್ ಗೊರಕೆ ಎಲ್ಲ ಸರಿ. ನಡುವೆ ಒಂದು ಸಾಲು ತೂರಿಸಿದ್ದೀಯಲ್ಲ, "ಲೈಬ್ರರಿಯಲ್ಲಿ ಪುಸ್ತಕ ಕೇಳಿ ಕೊಟ್ಟ ಒಂದು ಸ್ಲಿಪ್ ವಾಪಸ್ ಬಂತು, ಇನ್ನೊಂದು ಪುಸ್ತಕ ಕಂಪ್ಯೂಟರಿನಲ್ಲೇ ಇಲ್ಲ, ಟಾಪಿಕ್ಕೇ ಬದಲಾಯಿಸಿಬಿಡ್ತೀನಿ ಮಾವ" ಅಂತ, ಅದು ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಇಷ್ಟಕ್ಕೆ ಯಾಕೆ ಒದ್ದಾಡ್ತೀರಿ ಅಂತ ನಿನ್ನ ಅತ್ತೆ ಕೇಳಿದಳು. ಏನು ಹೇಳಲಿ ಅವಳಿಗೆ.

ನನ್ನ ಹೋಟೆಲ್ ಕೆಲಸ, ರಾತ್ರಿ ಶಾಲೆ, ಅದೆಲ್ಲ ನಿಮ್ಮಮ್ಮ ನೂರು ಸಲ ಹೇಳಿದ್ದಾಳೆ, ಬಿಡು. ಅವಳು ಹೇಳದ್ದು ಒಂದಿದೆ, ಅವಳಿಗೂ ಗೊತ್ತಿಲ್ಲದ್ದು. 1977ರಲ್ಲಿ ಎಂ.ಎ.ಗೆ ನಾನೂ ಹೆಚ್ಚುಕಡಿಮೆ ನಿನ್ನ ವಿಷಯವನ್ನೇ ಹಿಡಿದಿದ್ದೆ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಎಲ್ಲ 1956ರ ತನಕ ಮುಂಬಯಿ ರಾಜ್ಯದಲ್ಲೇ ಇದ್ದವಲ್ಲ, ಅಲ್ಲಿಂದ ಗೆದ್ದು ಬಂದವರು ಇಲ್ಲಿಯ ವಿಧಾನಸಭೆಯಲ್ಲಿ ಏನು ಮಾತಾಡಿದರು ಅಂತ. ಫೋರ್ಟ್ ಕಡೆಯ ಒಂದು ಲೈಬ್ರರಿ, ಹೆಸರು ಬೇಡ. ಕಾರ್ಡಿನ ಮರದ ಡ್ರಾಯರು ಎಳೆದರೆ ಕೀರ್ ಅನ್ನೋದು, ಕಾರ್ಡುಗಳ ತೂತಿನಲ್ಲಿ ಹಿತ್ತಾಳೆ ಕಡ್ಡಿ. ಬೇಕಾದ ಸಂಪುಟದ ನಂಬರ್ ಬರೆದು ಸ್ಲಿಪ್ ಕೊಟ್ಟೆ. ಮುಕ್ಕಾಲು ಗಂಟೆ ಕಾದ ಮೇಲೆ ಅದೇ ಸ್ಲಿಪ್ ವಾಪಸ್ ಬಂತು. ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಒಂದು 'ಬಿ', ಸುತ್ತ ಒಂದು ಸೊನ್ನೆ. ಇಲ್ಲ ಅಂತ ಅರ್ಥ ಅಂದುಕೊಂಡೆ. ಕೇಳಬಹುದಿತ್ತು. ಆಗ ನನ್ನ ಅಂಗಿಗೆ ಯಾವಾಗಲೂ ಸಾಂಬಾರಿನ ವಾಸನೆ, ಕೌಂಟರಿನವರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು, ಬಾಯಿ ಬರಲಿಲ್ಲ. ಇನ್ನೆರಡು ಸಲ ಹೋದೆ, ಮತ್ತೆ 'ಬಿ'. ಗೈಡ್ ಹತ್ತಿರ ಹೋಗಿ ನೀನು ಬರೆದಿದ್ದೀಯಲ್ಲ, ಅದೇ ಮಾತು ಹೇಳಿದೆ. ಹೊಸ ವಿಷಯದಲ್ಲಿ ಮನಸ್ಸು ನಿಲ್ಲಲಿಲ್ಲ, ಎಂ.ಎ.ನೂ ಅಲ್ಲಿಗೇ ಬಿತ್ತು.

ನಾಲ್ಕು ವರ್ಷದ ಮೇಲೆ ಆ ಲೈಬ್ರರಿಯ ಪ್ಯೂನ್ ಚಾ ಕುಡಿಯಲು ಬಂದಿದ್ದ. ನಾನು ಗಲ್ಲಾದಲ್ಲಿದ್ದೆ. ಚಿಲ್ಲರೆ ಕೊಡ್ತಾ ಸುಮ್ನೆ ಕೇಳಿದೆ. 'ಬಿ' ಅಂದ್ರೆ ಬೈಂಡಿಂಗ್ ಅಂದ. ಸಂಪುಟ ಹೊಲಿಗೆಗೆ ಹೋಗಿತ್ತಂತೆ, ಅಷ್ಟೇ!

ಎಂ.ಎ. ಮುಗಿಸದವನು ನಿನಗೆ ಏನು ಹೇಳೋದು ಅಂತ ನನಗೂ ಸಂಕೋಚವೇ. ಆದ್ರೂ ಕಂಪ್ಯೂಟರಿನಲ್ಲಿ ಇಲ್ಲ ಅಂದೆಯಲ್ಲ, ನೀನು 'ಕರ್ನಾಟಕ' ಅಂತ ಹುಡುಕಿರಬೇಕು. 1973ರ ನವೆಂಬರ್‌ವರೆಗೆ ಅದು ಮೈಸೂರು ರಾಜ್ಯ. ಅದಕ್ಕಿಂತ ಹಿಂದಿನದ್ದು 'ಮೈಸೂರು' ಅಂತಲೋ 'ಬಾಂಬೆ' ಅಂತಲೋ ಹುಡುಕಿದರೇ ಸಿಗೋದು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯೂ ಹಾಗೇ. ಅದರ ಅಧ್ಯಕ್ಷ ಫಜಲ್ ಅಲಿ ಹೆಸರಲ್ಲಿ ಹುಡುಕಿ ಸೋತಿರಬಹುದು. ಸರ್ಕಾರಿ ವರದಿಗೆ ಸರ್ಕಾರವೇ ಲೇಖಕ, 'ಇಂಡಿಯಾ' ಅಂತ ಶುರು ಮಾಡಿ ಆಮೇಲೆ ಆಯೋಗದ ಹೆಸರು ಹಾಕು. ಇಂಗ್ಲಿಷಿನ 'ರೀಆರ್ಗನೈಸೇಶನ್' ಅನ್ನೋದಕ್ಕೆ ಒಮ್ಮೆ ಎಸ್, ಒಮ್ಮೆ ಝಡ್ ಹಾಕಿ ಹುಡುಕು.

ಡೆಕ್ಕನ್ ಜಿಮ್‌ಖಾನಾ ಕಡೆ ಗೋಖಲೆ ಇನ್‌ಸ್ಟಿಟ್ಯೂಟ್ ಲೈಬ್ರರಿಗೆ ಹೋದೆಯಾ? ಗೋಖಲೆಯವರು 1905ರಲ್ಲಿ ಕಟ್ಟಿದ ಸರ್ವಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಪುಸ್ತಕಗಳೂ ಅಲ್ಲೇ ಇವೆ. ಆಯೋಗದ ಮೂವರಲ್ಲಿ ಒಬ್ಬರಾದ ಕುಂಜ್ರೂ ಆ ಸೊಸೈಟಿಯ ಅಧ್ಯಕ್ಷರಾಗಿದ್ದವರು, ನಿನಗೆ ಅದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗುತ್ತೆ. ಕಾಲೇಜಿನಿಂದ ಒಂದು ಪತ್ರ ಬರೆಸಿಕೊಂಡು ಹೋಗು, ಗೇಟಿನಲ್ಲಿ ತಡೆದರೆ ಅಂತ. ಥೀಸಿಸ್‌ಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಇಡೋ ಶೋಧಗಂಗಾದಲ್ಲಿ ಇದೇ ವಿಷಯದ ಹಳೇ ಥೀಸಿಸ್ ಇದ್ರೆ ಮೊದಲು ಕೊನೇ ಪುಟಗಳನ್ನೇ ನೋಡು, ಅವರು ಓದಿದ ಪುಸ್ತಕಗಳ ಪಟ್ಟಿ ಅಲ್ಲಿರುತ್ತೆ. ಇದೆಲ್ಲ ನಿನಗೆ ಗೊತ್ತಿರಬಹುದು, ಬೇಜಾರು ಮಾಡ್ಕೋಬೇಡ.

ನನ್ನ ತಲೆಯಲ್ಲಿ ಮಾತ್ರ ಆ ಒಂದೇ ಸಾಲು ಸುತ್ತುತ್ತಿದೆ. ಕೌಂಟರಿನವರು ಗದರಿದರೂ ಕೇಳು ಮಾರಾಯ್ತಿ. ಮರಾಠಿ ತೊದಲಿದರೂ ಪರವಾಗಿಲ್ಲ.

ವಾಪಸ್ ಬಂದ ಸ್ಲಿಪ್ ಬಿಸಾಡಿಲ್ಲ ತಾನೇ? ಅದರ ಮೇಲೆ ಏನು ಗೀಚಿದ್ದಾರೆ ಅಂತ ಫೋಟೋ ತೆಗೆದು ಕಳಿಸು. ಗೈಡ್‌ಗೆ ಇನ್ನೂ ಹೇಳಿಲ್ಲ, ಅಲ್ವಾ?

ನಿನ್ನ ಮಾವ