ಮುಹೂರ್ತಕ್ಕೂ ಮೊದಲಿನ ಕೆಲಸಕ್ಕೆ ಅಂಕವೆಲ್ಲಿ?

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳಲ್ಲಿ ಈಗ ಕಿರುಚಿತ್ರಗಳ ಸುಗ್ಗಿ. ಪತ್ರಿಕೋದ್ಯಮ ವಿಭಾಗದ ಅಂತಿಮ ವರ್ಷದ ಪ್ರಾಜೆಕ್ಟಿಗೆ ಕಿರುಚಿತ್ರ, ಎನ್‌ಎಸ್‌ಎಸ್ ಶಿಬಿರದ ಸಮಾರೋಪಕ್ಕೆ ಕಿರುಚಿತ್ರ, ಚುನಾವಣೆ ಬಂದರೆ ಮತದಾನದ ಜಾಗೃತಿಗೂ ಕಿರುಚಿತ್ರ. ಸಾಲದ್ದಕ್ಕೆ ಅಂತರ ಕಾಲೇಜು ಸ್ಪರ್ಧೆಗಳು ಬೇರೆ. ಸಾಗರದಲ್ಲಿ ಪತ್ರಿಕೋದ್ಯಮ ಕಲಿಸುತ್ತಾ ಹನ್ನೆರಡು ವರ್ಷಗಳಿಂದ ಇಂಥ ತಂಡಗಳಿಗೆ ಮಾರ್ಗದರ್ಶಕನಾಗಿರುವ ನಾನು ಈ ಉತ್ಸಾಹವನ್ನು ಹಳಿಯಲು ಪತ್ರ ಬರೆಯುತ್ತಿಲ್ಲ. ನನ್ನ ತಕರಾರು ನಮ್ಮ ಮೌಲ್ಯಮಾಪನದ ಬಗ್ಗೆ. ತೀರ್ಪುಗಾರರ ಕೈಗೆ ಬರುವ ಹಾಳೆಯಲ್ಲಿ ಕಥೆ, ಅಭಿನಯ, ಛಾಯಾಗ್ರಹಣ, ಸಂಕಲನ ಎಂಬ ಕಲಮುಗಳಿರುತ್ತವೆಯೇ ಹೊರತು, ಚಿತ್ರೀಕರಣಕ್ಕೆ ಹೊರಡುವ ಮೊದಲು ತಂಡ ಏನೇನು ಸಿದ್ಧತೆ ಮಾಡಿಕೊಂಡಿತ್ತು ಎಂದು ಕೇಳುವ ಒಂದು ಸಾಲನ್ನೂ ನಾನು ಈವರೆಗೆ ಕಂಡಿಲ್ಲ.

ಸಿನಿಮಾದವರು ತೆಂಗಿನಕಾಯಿ ಒಡೆದು, ಕ್ಲಾಪ್ ಮಾಡಿ ಮುಹೂರ್ತ ಆಚರಿಸುತ್ತಾರೆ. ಚಿತ್ರೀಕರಣ ಮುಗಿದ ದಿನ ಕುಂಬಳಕಾಯಿ ಒಡೆಯುತ್ತಾರೆ. ನಮ್ಮ ವಿದ್ಯಾರ್ಥಿಗಳು ಈ ಎರಡನ್ನೂ ಚೆನ್ನಾಗಿ ಕಲಿತಿದ್ದಾರೆ. ಕೆಲವು ತಂಡಗಳಂತೂ ಚಿತ್ರಕಥೆ ಬರೆಯುವ ಮೊದಲೇ ಪೋಸ್ಟರ್ ಬಿಡುಗಡೆಯನ್ನೂ ಮುಗಿಸಿರುತ್ತವೆ. ಆದರೆ ಮುಹೂರ್ತಕ್ಕೂ ಮೊದಲಿನ ಕೆಲಸವನ್ನು ಯಾರೂ ಫೋಟೊ ತೆಗೆದು ಹಂಚಿಕೊಳ್ಳುವುದಿಲ್ಲವಾದ್ದರಿಂದ, ಅಂಥದ್ದೊಂದು ಕೆಲಸವಿದೆ ಎಂಬುದೇ ಅವರಿಗೆ ತಿಳಿಯುವುದಿಲ್ಲ. ಸ್ಪರ್ಧೆಯ ಪ್ರಕಟಣೆಗೂ ಚಿತ್ರ ಸಲ್ಲಿಸುವ ಕೊನೆಯ ದಿನಕ್ಕೂ ನಡುವೆ ಹದಿನೈದು ದಿನಗಳನ್ನಷ್ಟೇ ಇಟ್ಟರೆ ತಿಳಿಯುವುದಾದರೂ ಹೇಗೆ?

ಕೆಲವು ವರ್ಷಗಳ ಹಿಂದೆ ನನ್ನದೇ ವಿದ್ಯಾರ್ಥಿಗಳ ತಂಡವೊಂದು ಅಜ್ಜ-ಮೊಮ್ಮಗನ ಕಥೆಯನ್ನು ಎರಡು ಭಾನುವಾರಗಳಲ್ಲಿ ಚಿತ್ರಿಸಲು ಹೊರಟಿತು. ಅಜ್ಜನ ಪಾತ್ರಕ್ಕೆ ಊರಿನ ಹಿರಿಯರೊಬ್ಬರು ಒಪ್ಪಿದ್ದರು. ಅವರ ವಾರದ ಬಿಳಿಗಡ್ಡವೇ ಅರ್ಧ ಅಭಿನಯ ಮಾಡುತ್ತಿತ್ತು. ನಡುವಿನ ವಾರದಲ್ಲಿ ನೆಂಟರ ಮನೆಯ ಗೃಹಪ್ರವೇಶ ಬಂತು. ಅವರು ನುಣ್ಣಗೆ ಕ್ಷೌರ ಮಾಡಿಸಿಕೊಂಡು ಎರಡನೆಯ ಭಾನುವಾರ ನಗುತ್ತಾ ಬಂದು ನಿಂತರು. ಅಂಗಳದಿಂದ ಜಗಲಿ ಹತ್ತುವಷ್ಟರಲ್ಲಿ ಅಜ್ಜನ ಗಡ್ಡ ಮಾಯವಾಗುವುದನ್ನು ಕಂಡು ಪ್ರದರ್ಶನದ ದಿನ ಸಭಾಂಗಣವೆಲ್ಲ ನಕ್ಕಿತು, ತಂಡದ ಹುಡುಗಿಯೊಬ್ಬಳು ಅತ್ತಳು. ಆ ಹಿರಿಯರ ತಪ್ಪೇನೂ ಇರಲಿಲ್ಲ. ಗಡ್ಡ ತೆಗೆಯಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಏಕೆಂದರೆ ಕಂಟಿನ್ಯುಟಿ, ಅಂದರೆ ಬೇರೆ ಬೇರೆ ದಿನ ತೆಗೆದ ಶಾಟ್‌ಗಳಲ್ಲಿ ವೇಷ, ವಸ್ತುಗಳು ಒಂದೇ ತೆರನಾಗಿರುವುದನ್ನು ನೋಡಿಕೊಳ್ಳುವ ಹೊಣೆ ಯಾರದೆಂದು ತಂಡದಲ್ಲಿ ಮಾತೇ ಆಗಿರಲಿಲ್ಲ. ಮಾರ್ಗದರ್ಶಕನೆನಿಸಿಕೊಂಡ ನಾನೂ ಅದನ್ನು ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆ ವರ್ಷದಿಂದೀಚೆಗೆ, ಕ್ಯಾಮೆರಾ ಮುಟ್ಟುವ ಮೊದಲು ಒಂದು ಕಡತ ಸಿದ್ಧಪಡಿಸುವಂತೆ ತಂಡಗಳಿಗೆ ಹೇಳುತ್ತಿದ್ದೇನೆ. ಅದರಲ್ಲಿ ಪ್ರತಿ ದೃಶ್ಯಕ್ಕೂ ಒಂದು ಹಾಳೆ: ಒಳಗೋ ಹೊರಗೋ, ಹಗಲೋ ರಾತ್ರಿಯೋ, ಯಾರ್‍ಯಾರು ಬೇಕು, ಅವರು ಏನು ಉಟ್ಟಿರುತ್ತಾರೆ, ಕೈಯಲ್ಲಿ ಏನಿರುತ್ತದೆ. ಈ ಹಾಳೆಗಳನ್ನು ಕಥೆಯ ಕ್ರಮದಿಂದ ಬಿಡಿಸಿ ಜಾಗದ ಪ್ರಕಾರ ಮರುಜೋಡಿಸಿದಾಗ, ಮೊದಲ ದೃಶ್ಯವನ್ನೂ ಕೊನೆಯ ದೃಶ್ಯವನ್ನೂ ಒಂದೇ ಬೆಳಿಗ್ಗೆ ಅದೇ ಜಗಲಿಯಲ್ಲಿ ತೆಗೆದು ಮುಗಿಸಬಹುದೆಂದು ವಿದ್ಯಾರ್ಥಿಗಳಿಗೆ ಹೊಳೆಯುತ್ತದೆ. ಹಾಗೆ ಹೊಳೆದ ಕ್ಷಣದಲ್ಲಿ ಅವರ ಮುಖ ನೋಡುವುದೇ ಈ ಕೆಲಸದಲ್ಲಿ ನನಗೆ ಸಿಗುವ ಸಂತೋಷ. ಹೊಸಬರ ತಂಡ ದಿನಕ್ಕೆ ಹದಿನೈದು ಶಾಟ್‌ಗಳನ್ನು ಅಚ್ಚುಕಟ್ಟಾಗಿ ತೆಗೆದರೆ ಅದೇ ಹೆಚ್ಚು. ಶಾಟ್ ಪಟ್ಟಿಯಲ್ಲಿ ತೊಂಬತ್ತು ಇದ್ದು ಕೈಯಲ್ಲಿ ಎರಡು ದಿನಗಳಿದ್ದರೆ, ಕಥೆಯನ್ನು ಎಲ್ಲಿ ಕತ್ತರಿಸಬೇಕೆಂಬುದನ್ನು ಮೇಜಿನ ಮುಂದೆ ಕುಳಿತೇ ತೀರ್ಮಾನಿಸಬೇಕು, ಬಿಸಿಲು ಇಳಿದ ಮೇಲೆ ಅಂಗಳದಲ್ಲಿ ನಿಂತು ಜಗಳವಾಡಿಕೊಂಡಲ್ಲ. ಮಲೆನಾಡಿನಲ್ಲಿ ಇನ್ನೂ ಒಂದು ಕಾಲಂ ಸೇರಿಸಬೇಕಾಗುತ್ತದೆ, ಮಳೆಯದು. ಹಂಚಿನ ಮಾಡಿನ ಮೇಲೆ ಜುಲೈ ತಿಂಗಳ ಮಳೆ ಸುರಿಯುವಾಗ ಪಿಸುಮಾತಿನ ದೃಶ್ಯ ಇಟ್ಟುಕೊಂಡರೆ ಕೊನೆಗೆ ಉಳಿಯುವುದು ಮಳೆಯೊಂದೇ. ಹಾಗೆಯೇ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳ ಕೊನೆಯ ಬಸ್ಸಿನ ಹೊತ್ತನ್ನು, ಆ ದಿನ ಯಾರು ಎಷ್ಟು ಹೊತ್ತಿಗೆ ಎಲ್ಲಿ ಬರಬೇಕೆಂದು ತಿಳಿಸುವ ಕಾಲ್‌ಶೀಟಿನ ತಲೆಬರಹದಲ್ಲೇ ಬರೆದಿಡಬೇಕು. ಅದನ್ನು ಮರೆತ ತಂಡಗಳಲ್ಲಿ ಹುಡುಗಿಯರು ಮೊದಲ ದಿನವೇ ಹಿಂದೆ ಸರಿದು, ಉಳಿದ ಕೆಲಸವೆಲ್ಲ ಹುಡುಗರದ್ದಾಗುವುದನ್ನು ನಾನು ಪದೇ ಪದೇ ನೋಡಿದ್ದೇನೆ.

ತಾಂತ್ರಿಕ ದೋಷಗಳೆಂದು ನಾವು ಅಂಕ ಕಳೆಯುವ ಎಷ್ಟೋ ಸಂಗತಿಗಳು ಸಿದ್ಧತೆಯ ದೋಷಗಳೇ. ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ತು 50 ಹರ್ಟ್ಸಿನದು, ಅದರ ಲಯಕ್ಕೆ ಟ್ಯೂಬ್‌ಲೈಟು ಕಣ್ಣಿಗೆ ಕಾಣದಂತೆ ಮಿನುಗುತ್ತಿರುತ್ತದೆ. ಮೊಬೈಲುಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್‌ಗೆ ಹೊಂದಿಸಿರುತ್ತಾರೆ. ಹಾಗೆಯೇ ಟ್ಯೂಬ್‌ಲೈಟಿನ ಕೆಳಗೆ ಚಿತ್ರಿಸಿದರೆ ಗೋಡೆಯ ಮೇಲೆ ಪಟ್ಟೆಗಳು ತೇಲಾಡುತ್ತವೆ. 25 ಫ್ರೇಮ್‌ಗೆ ಇಳಿಸಿ, ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತನ್ನು, ಅಂದರೆ ಶಟರನ್ನು, ಸೆಕೆಂಡಿನ 50ನೇ ಒಂದು ಭಾಗಕ್ಕೆ ನಿಲ್ಲಿಸಿದರೆ ಅದು ಬಹುಮಟ್ಟಿಗೆ ಹೋಗುತ್ತದೆ. ಹಿಂದಿನ ಸಂಜೆ ಹತ್ತು ನಿಮಿಷದ ಪರೀಕ್ಷಾ ಚಿತ್ರೀಕರಣ ಮಾಡಿದವರಿಗೆ ಇದು ಗೊತ್ತಾಗುತ್ತದೆ, ಮಾಡದವರಿಗೆ ಎಡಿಟಿಂಗ್ ಕೋಣೆಯಲ್ಲಿ ಗೊತ್ತಾಗುತ್ತದೆ. ಧ್ವನಿಯ ಕಥೆ ಇನ್ನೂ ಬೇಸರದ್ದು. ಬಾಡಿಗೆಗೆ ದುಬಾರಿ ಲೆನ್ಸ್ ತರುವ ತಂಡ, ಫ್ರಿಜ್ ಆರಿಸಲು, ಫ್ಯಾನ್ ನಿಲ್ಲಿಸಲು, ಎಲ್ಲರನ್ನೂ ಸುಮ್ಮನಿರಿಸಿ ಸಂಕಲನದಲ್ಲಿ ಮಾತುಗಳ ನಡುವಿನ ತೆರಪು ತುಂಬಲು ಬೇಕಾಗುವ ಆ ಕೋಣೆಯ ಮೌನವನ್ನು ಅರ್ಧ ನಿಮಿಷ ದಾಖಲಿಸಿಕೊಳ್ಳಲು ಮರೆಯುತ್ತದೆ. ಇದಕ್ಕೆ ದುಡ್ಡು ಬೇಕಿಲ್ಲ, ಹೊಣೆ ಹೊರುವ ಒಬ್ಬರ ಹೆಸರು ಬೇಕು, ಅಷ್ಟೇ.

2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗವಾದ ಲಾ ಸಿನೆಫ್‌ನಲ್ಲಿ ಕನ್ನಡದ ಕಿರುಚಿತ್ರವೊಂದು ಮೊದಲ ಬಹುಮಾನ ಪಡೆದದ್ದನ್ನು ಓದುಗರು ಬಲ್ಲರು. ವೈದ್ಯಕೀಯ ಓದಿ ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಗೆ ಸೇರಿದ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರು, ಅಲ್ಲಿನ ದೂರದರ್ಶನ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಯ ಅಭ್ಯಾಸವಾಗಿ, ಊರಿನ ಹುಂಜವನ್ನು ಅಜ್ಜಿಯೊಬ್ಬಳು ಕದ್ದೊಯ್ದದ್ದರಿಂದ ಸೂರ್ಯನೇ ಹುಟ್ಟದಂತಾಗುವ ಜನಪದ ಕಥೆಯನ್ನು ಸುಮಾರು 16 ನಿಮಿಷಗಳ ಚಿತ್ರವಾಗಿಸಿದರು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ. ಈ ಸುದ್ದಿ ಬಂದ ಮೇಲೆ ನಮ್ಮ ವಿದ್ಯಾರ್ಥಿಗಳು ‘ನಾಲ್ಕು ದಿನ ಸಾಕಲ್ಲ ಸರ್’ ಎನ್ನತೊಡಗಿದ್ದಾರೆ. ಸಾಕು ನಿಜ, ಯಾವ ರಾತ್ರಿ ಯಾವ ಶಾಟ್ ಎಂದು ಗೊತ್ತಿದ್ದು ಹೊರಟವರಿಗೆ ನಾಲ್ಕು ದಿನ ಸಾಕು. ಅಲ್ಲಿ ಛಾಯಾಗ್ರಹಣ, ಸಂಕಲನ, ಧ್ವನಿ ಒಂದೊಂದಕ್ಕೂ ಅದನ್ನೇ ಓದುತ್ತಿದ್ದ ಒಬ್ಬೊಬ್ಬರಿದ್ದರು ಎಂಬುದನ್ನು, ಏಳು ಜನರಲ್ಲಿ ಐವರು ನಿರ್ದೇಶಕರಾಗಲು ಹೊರಡುವ ನಮ್ಮ ತಂಡಗಳು ಗಮನಿಸಬೇಕು.

ಇನ್ನು ಕಥೆಯ ಹಕ್ಕಿನ ವಿಷಯ. ಪಠ್ಯದಲ್ಲಿ ಓದಿದ ಕಥೆಯನ್ನು ಚಿತ್ರ ಮಾಡಲು ಯಾರನ್ನೂ ಕೇಳಬೇಕಿಲ್ಲ ಎಂದು ವಿದ್ಯಾರ್ಥಿಗಳಷ್ಟೇ ಅಲ್ಲ, ಅನೇಕ ಅಧ್ಯಾಪಕರೂ ನಂಬಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ಕಾಲ ಹಕ್ಕು ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಗಳು ಎಂದೋ ಮುಕ್ತವಾಗಿವೆ. 1986ರಲ್ಲಿ ತೀರಿಕೊಂಡ ಮಾಸ್ತಿಯವರ ಕಥೆಗಳಿಗೆ 2046ರ ಕೊನೆಯವರೆಗೂ ಹಕ್ಕುದಾರರ ಅನುಮತಿ ಬೇಕು. ತರಗತಿಯ ಪಾಠದ ಮಟ್ಟಿಗೆ ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿವೆಯಾದರೂ, ಬಹುಮಾನದ ಸ್ಪರ್ಧೆಗೆ ಕಳಿಸಿ ಯೂಟ್ಯೂಬಿಗೆ ಏರಿಸುವುದು ಪಾಠವೆನಿಸಿಕೊಳ್ಳುವುದಿಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದರಂತೂ ಸಾಹಿತ್ಯಕ್ಕೆ ಒಂದು, ಸಂಗೀತಕ್ಕೆ ಒಂದು, ಧ್ವನಿಮುದ್ರಣಕ್ಕೆ ಒಂದು ಎಂದು ಮೂರು ಹಕ್ಕುಗಳ ಪ್ರಶ್ನೆ ಏಳುತ್ತದೆ. ಅನುಮತಿಯ ಪತ್ರವನ್ನು ಕಡತದಲ್ಲಿ ಕಡ್ಡಾಯ ಮಾಡಿದರೆ ಇದನ್ನು ಪ್ರತ್ಯೇಕವಾಗಿ ಬೋಧಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಜಾಗದ ಅನುಮತಿಯಲ್ಲಿ ಮಾತ್ರ ವಿದ್ಯಾರ್ಥಿಗಳ ಪರವಾಗಿ ಸರ್ಕಾರವನ್ನು ಕೇಳಬೇಕಾದದ್ದಿದೆ. ನಮ್ಮೂರಿನ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇವಾಲಯ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ, ರೈಲು ನಿಲ್ದಾಣ ರೈಲ್ವೆಯದು, ಕಾಡು ಅರಣ್ಯ ಇಲಾಖೆಯದು, ಬಸ್ ನಿಲ್ದಾಣ ಸಾರಿಗೆ ನಿಗಮದ್ದು. ಪ್ರತಿಯೊಬ್ಬರಿಗೂ ಬೇರೆ ಅರ್ಜಿ. ಕೋಟಿಗಟ್ಟಲೆ ಬಂಡವಾಳದ ನಿರ್ಮಾಣ ಸಂಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ವಿಧಾನವನ್ನು, ಒಂದು ಮೊಬೈಲು ಮತ್ತು ಬೆಳಕು ಮರಳಿಸಲು ಒಂದು ಥರ್ಮಾಕೋಲ್ ಹಲಗೆ ಹಿಡಿದು ಬರುವ ಆರು ಮಂದಿ ವಿದ್ಯಾರ್ಥಿಗಳಿಗೂ ಅನ್ವಯಿಸಿದರೆ, ಅವರು ಕಲಿಯುವುದು ಅನುಮತಿ ಕೇಳುವುದನ್ನಲ್ಲ, ಕಾವಲುಗಾರರ ಕಣ್ಣು ತಪ್ಪಿಸುವುದನ್ನು. ಕನಿಷ್ಠ ರಾಜ್ಯ ಸರ್ಕಾರದ ಅಧೀನದಲ್ಲಿರುವ ಜಾಗಗಳಿಗಾದರೂ, ಪ್ರಾಂಶುಪಾಲರ ಪತ್ರ ಮತ್ತು ಚಿತ್ರಕಥೆಯ ಪ್ರತಿಯೊಂದಿಗೆ ಒಂದೇ ಕಡೆ ಅರ್ಜಿ ಪಡೆದು, ಶುಲ್ಕವಿಲ್ಲದೆ, ಗೊತ್ತುಪಡಿಸಿದ ದಿನಗಳೊಳಗೆ ಹೌದು ಅಥವಾ ಇಲ್ಲ ಎಂದು ತಿಳಿಸುವ ವ್ಯವಸ್ಥೆಯನ್ನು ವಾರ್ತಾ ಇಲಾಖೆ ಮಾಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿದ್ಯಾರ್ಥಿ ಚಿತ್ರದಲ್ಲಿ ದುಡ್ಡು ಕರಗುವುದು ಚಿತ್ರಾನ್ನಕ್ಕೆ ಮತ್ತು ಓಮ್ನಿ ಬಾಡಿಗೆಗೆ. ಇವೆರಡನ್ನು ಮೊದಲೇ ಬರೆದುಕೊಂಡ ತಂಡ ಸಾಲ ಮಾಡಿಕೊಳ್ಳುವುದಿಲ್ಲ.

ಹೆಗ್ಗೋಡು ನಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ರಂಗಸಂಸ್ಥೆ, ಕೆ.ವಿ. ಸುಬ್ಬಣ್ಣನವರ ನೀನಾಸಮ್, 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಪುಣೆಯ ಅದೇ ಚಲನಚಿತ್ರ ಸಂಸ್ಥೆಯಿಂದ ಸತೀಶ್ ಬಹಾದೂರರಂಥ ಅಧ್ಯಾಪಕರನ್ನು ಕರೆಸಿ, ಚಿತ್ರವನ್ನು ನೋಡುವುದೂ ಕಲಿಯಬೇಕಾದ ವಿದ್ಯೆಯೆಂದು ಹಳ್ಳಿಯಲ್ಲಿ ಕುಳಿತು ತೋರಿಸಿಕೊಟ್ಟಿತು. ಚಿತ್ರ ಮಾಡುವ ಮುನ್ನಿನ ಲೆಕ್ಕಾಚಾರವೂ ಹಾಗೆಯೇ ಕಲಿಸಬಹುದಾದದ್ದೇ ಎಂದು ನಾನು ಹೇಳುವಾಗ, ಅದು ಸೃಜನಶೀಲತೆಯನ್ನು ಕಾಗದಪತ್ರದಲ್ಲಿ ಕಟ್ಟಿಹಾಕುವುದೆಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ಕಡತ ಚೆನ್ನಾಗಿದ್ದು ಚಿತ್ರ ನೀರಸವಾಗಿರುವ ಉದಾಹರಣೆಗಳು ನನ್ನ ಬಳಿಯೂ ಇವೆ, ಅಲ್ಲಗಳೆಯುವುದಿಲ್ಲ. ಆದರೆ ಅಂಥ ತಂಡಕ್ಕೆ ತನ್ನ ಕಥೆ ಎಲ್ಲಿ ಸೋತಿತೆಂದು ಗೊತ್ತಿರುತ್ತದೆ. ಮಳೆ, ಬಸ್ಸು, ಗಡ್ಡಗಳ ಮೇಲೆ ಹೊರಿಸಲು ಅದಕ್ಕೆ ಅವಕಾಶವಿರುವುದಿಲ್ಲ.

ಆದ್ದರಿಂದ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಕಿರುಚಿತ್ರದ 100 ಅಂಕಗಳಲ್ಲಿ 40ನ್ನು ಚಿತ್ರೀಕರಣಕ್ಕೆ ಮೊದಲು ಸಲ್ಲಿಸುವ ಕಡತಕ್ಕೆ ಮೀಸಲಿಡಲಿ, ಅದನ್ನು ಬರೆದವರ ಹೆಸರುಗಳೂ ಅದರಲ್ಲಿರಲಿ. ಏಕೆಂದರೆ ಈ ಕೆಲಸವನ್ನು ತಂಡದಲ್ಲಿ ಹೆಚ್ಚಾಗಿ ಹುಡುಗಿಯರೇ ಮಾಡುತ್ತಾರೆ, ಬಹುಮಾನಕ್ಕೆ ವೇದಿಕೆ ಹತ್ತುವವನು ಮಾತ್ರ ನಿರ್ದೇಶಕ. ಸ್ಪರ್ಧೆ ನಡೆಸುವವರು ಕಡತಕ್ಕೊಂದು, ಚಿತ್ರಕ್ಕೊಂದು ಎಂದು ಎರಡು ಗಡುವುಗಳನ್ನು ಪ್ರಕಟಿಸಿ, ಅವುಗಳ ನಡುವೆ ಒಂದು ತಿಂಗಳಾದರೂ ಬಿಡಲಿ. ನಮ್ಮ ಭಾಗದ ಸಂಘಟಕರಲ್ಲಿ ಇನ್ನೊಂದು ವಿನಂತಿ: ಆ ತಿಂಗಳು ಜುಲೈ ಆಗದಿರಲಿ.

— ಪತ್ರಿಕೋದ್ಯಮ ಅಧ್ಯಾಪಕ, ಸಾಗರ