ಅಣ್ಣಂಗೆ: ಬಿಯರ್ ಕೆಟ್ಟಿಲ್ಲ, ಇನ್ನೂ ಆಗಿಲ್ಲ ಅಷ್ಟೇ

ಲೂವನ್, ಬೆಲ್ಜಿಯಂ

ಅಣ್ಣಾ,

ಹೋದ್ವಾರ ಫೋನಲ್ಲಿ ನೀನು "ಇನ್ನೂ ಆಗ್ಲಿಲ್ವೇನ್ಲಾ ನಿನ್ ಬಿಯರು, ಕೆಟ್ಟೋಗಿರ್ತದೆ, ಚೆಲ್ಲಿ ಬೇರೆ ಮಾಡ್ಕೋ" ಅಂದು ನಕ್ಕೆಯಲ್ಲ, ಹಿಂದಿಂದ ಅತ್ತಿಗೆನೂ ನಗ್ತಿದ್ರು, ಅವ್ವ ಪಕ್ಕದಲ್ಲೇ ಕೂತಿದ್ರಿಂದ ನಾನು ಮಾತು ತಿರುಗಿಸ್ಬಿಟ್ಟೆ. ಅದ್ಕೇ ಈಗ ಬರೀತಿದೀನಿ. ಅವ್ವಂಗೆ ಓದಿ ಹೇಳೋವಾಗ ನಾಲೆ ನೀರಿನ ವಿಚಾರದಿಂದ ಶುರು ಮಾಡು, ಅದು ಕೊನೇಲೈತೆ.

ಕೆಟ್ಟಿಲ್ಲ ಕಣಣ್ಣ. ಸಕ್ಕರೆ ತಿಂದು ಆಲ್ಕೋಹಾಲು ಮಾಡೋ ಪ್ಯಾಕೆಟ್ ಯೀಸ್ಟ್ ಹಾಕಿದ್ರೆ ತಿಂಗಳೊಳಗೆ ಕುಡಿಯೋ ಹಂಗಾಗ್ತದೆ, ಆದ್ರೆ ಇದಕ್ಕೆ ನಾನು ಯೀಸ್ಟೇ ಹಾಕಿಲ್ಲ. ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಅಂತ ಹಳೇ ಕಾಲದ ಬಿಯರ್ ಐತೆ, ಬಾರ್ಲಿ ಮಾಲ್ಟ್ (ಮೊಳಕೆ ಕಟ್ಟಿ ಒಣಗಿಸಿದ್ದು) ಜೊತೆ ಮೂರನೇ ಒಂದು ಭಾಗದಷ್ಟು ಮೊಳಕೆ ಕಟ್ಟದ ಗೋಧಿ, ಬಿಯರಿಗೆ ಹಾಕೋ ಹಾಪ್ಸ್ ಅನ್ನೋ ಕಹಿ ಹೂವು, ಅದೂ ಇಟ್ಟು ಇಟ್ಟು ಕಹಿ ಹೋಗಿರೋ ಹಳೇದು, ಇಷ್ಟನ್ನ ಗಂಟೆಗಟ್ಲೆ ಕುದಿಸಿ ರಾತ್ರಿ ಒಂದು ಅಗಲವಾದ ತೊಟ್ಟಿಗೆ ಸುರಿದು ಗಾಳಿಗೆ ಬಿಟ್ಬಿಡ್ತಾರೆ. ಗಾಳೀಲಿರೋದು, ಆ ಕಟ್ಟಡದ ತೊಲೆ ಮೇಲಿರೋದು ಎಲ್ಲ ಬಂದು ಬೀಳ್ಲಿ ಅಂತ. ಅದೂ ಚಳಿಗಾಲದಲ್ಲೇ, ಸರಿಸುಮಾರು ಅಕ್ಟೋಬರಿಂದ ಏಪ್ರಿಲ್ ತನಕ, ಬೇಸಿಗೇಲಿ ಕೆಡಿಸೋ ಬ್ಯಾಕ್ಟೀರಿಯಾನೇ ಜಾಸ್ತಿ ಬೀಳ್ತವೆ. ಬ್ರಸೆಲ್ಸಿನಲ್ಲಿ 1900ರಿಂದ ನಡ್ಕೊಂಡು ಬಂದಿರೋ ಕಾಂಟಿಯೋನ್ ಅನ್ನೋ ಲ್ಯಾಂಬಿಕ್ ಮಾಡೋ ಕಡೆ ಹೋಗಿ ಆ ತೊಟ್ಟಿ ನೋಡ್ಕಂಡ್ ಬಂದ್ಮೇಲೇ ನಂಗೆ ಈ ಹುಚ್ಚು ಹಿಡಿದಿದ್ದು. ಹೋದ್ವರ್ಷ ಚಳೀಲಿ ಪಾತ್ರೆನ ರಾತ್ರಿ ಹಿತ್ತಲಲ್ಲಿ ಇಟ್ಟು, ಬೆಳಗ್ಗೆ ಗಾಜಿನ ಜಾಡಿಗೆ ಬಗ್ಗಿಸಿ, ಒಳಗಿನ ಗ್ಯಾಸ್ ಹೊರಗೆ ಬಿಟ್ಟು ಹೊರಗಿನ ಗಾಳಿ ತಡೆಯೋ ಏರ್‌ಲಾಕ್ ಸಿಗಿಸ್ದೆ.

ನಿಂಗೆ ಇದು ಅರ್ಥ ಆಗ್ದೆ ಇರೋ ವಿಷ್ಯ ಏನಲ್ಲ. ಆಲೆಮನೇಲಿ ಗಾಣದಿಂದ ಬಿದ್ದ ಕಬ್ಬಿನ ಹಾಲು ಬೇಗ ಕೊಪ್ಪರಿಗೆ ಸೇರ್ಲಿಲ್ಲ ಅಂದ್ರೆ ಹುಳಿಯಾಗಿ ಬೆಲ್ಲ ಅಚ್ಚೇ ನಿಲ್ಲಲ್ಲ ಅಂತ ಆಳುಗಳ ಮೇಲೆ ಕೂಗಾಡ್ತೀಯಲ್ಲ, ಅದನ್ನ ಹುಳಿ ಮಾಡೋದೂ ಇಂಥವೇ ಯೀಸ್ಟು ಬ್ಯಾಕ್ಟೀರಿಯಾಗಳು. ಅಲ್ಲಿ ನೀನು ಯಾವುದ್ರಿಂದ ತಪ್ಪಿಸ್ಕೊಳ್ಳೋಕೆ ಓಡ್ತೀಯೋ ಅದನ್ನೇ ನಾನಿಲ್ಲಿ ಕರೆದು ಕೂರ್ಸಿದೀನಿ. ಕಬ್ಬಿನ ಹಾಲಲ್ಲಿ ಇರೋದು ಸಲೀಸಾಗಿ ತಿನ್ನೋ ಸಕ್ಕರೆ, ಮೇಲೆ ನಮ್ಮೂರ ಸೆಕೆ, ಅದ್ಕೇ ಗಂಟೆಗಳಲ್ಲಿ ಕೆಲಸ ಮುಗೀತದೆ. ಇಲ್ಲಿ ಮಾಮೂಲಿ ಯೀಸ್ಟು ಸುಲಭದ ಸಕ್ಕರೆ ತಿಂದು ಮುಗಿಸಿದ್ಮೇಲೂ ಸಕ್ಕರೆಗಳು ಉದ್ದುದ್ದ ಸರಪಳಿಯಾಗಿ ಸೇರಿರೋ ಡೆಕ್ಸ್ಟ್ರಿನ್ ಉಳ್ಕಂಡಿರ್ತದೆ, ಅದನ್ನ ಮುರಿಯೋದು ಬ್ರೆಟ್ಟಾನೊಮೈಸಿಸ್, ಚಿಕ್ಕದಾಗಿ ಬ್ರೆಟ್, ಅನ್ನೋ ಕಾಡು ಯೀಸ್ಟು. 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಲ್ಯಾಬಲ್ಲಿ ಕ್ಲಾಸೆನ್ ಅನ್ನೋರು ಇಂಗ್ಲೆಂಡಿನ ಹಳೇ ಬಿಯರಲ್ಲಿ ಕಂಡುಹಿಡಿದಿದ್ದು ಇದನ್ನ. ಇದಕ್ಕೆ ಅರ್ಜೆಂಟೇ ಇಲ್ಲ.

ಅದ್ರಲ್ಲೂ ಸರದಿ ಐತೆ. ಮೊದಲ ವಾರಗಳು ಕರುಳಿನ ಜಾತಿ ಬ್ಯಾಕ್ಟೀರಿಯಾಗಳದ್ದು, ವಾಸ್ನೆ ತಡಿಯೋಕಾಗಲ್ಲ, ಆಗ ಬಾಯಿಗಿಡೋ ಹಂಗೇ ಇಲ್ಲ. ಆಮೇಲೆ ಮಾಮೂಲಿ ಯೀಸ್ಟು ಬಂದು ನೊರೆ ಎಬ್ಬಿಸ್ತದೆ, ಆಲ್ಕೋಹಾಲು ಏರಿ ಹುಳಿನೂ ಏರಿದಂಗೆ ಮೊದಲಿನವು ಸತ್ತೋಗ್ತವೆ. ಆಮೇಲೆ ಪೀಡಿಯೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಬಂದು ಹುಳಿ ಹೆಚ್ಚಿಸ್ತದೆ, ಒಂದೊಂದ್ಸಲ ಬಿಯರ್ ಪೂರ್ತಿ ಲೋಳೆಯಾಗಿ ಎಳೆ ಎಳೆ ಬರ್ತದೆ, ನೀನು ನೋಡಿದ್ರೆ ಗ್ಯಾರಂಟಿ ಚರಂಡಿಗೆ ಸುರೀತಿದ್ದೆ. ಬಿಟ್ರೆ ಬ್ರೆಟ್ಟೇ ತಿಂಗಳುಗಟ್ಲೆ ಕೂತು ಆ ಲೋಳೆನೂ ಕರಗಿಸ್ತದೆ. ನಂದು ಈಗ ಆ ಘಟ್ಟದಲ್ಲೈತೆ, ಮೇಲೆ ಬಿಳಿ ಪೊರೆ ಕಟ್ಟೈತೆ. ಅದು ಬೂಷ್ಟಲ್ಲ. ಕಲಕಬಾರ್ದು, ಸುಮ್ನೆ ಸುಮ್ನೆ ಮುಚ್ಚಳ ತೆಗೀಬಾರ್ದು, ಗಾಳಿ ಸೇರಿದ್ರೆ ವಿನೆಗರ್ ಆಗೋದು ನಿಜ.

ಸಕ್ಕರೆ ಕರಗಿದಂಗೆಲ್ಲ ನಂಬರ್ ಇಳಿದು ತೋರಿಸೋ ಹೈಡ್ರೋಮೀಟರ್ 1.050ರಿಂದ ಶುರುವಾಗಿದ್ದು 1.012ಕ್ಕೆ ಬಂದು ನಿಂತಂಗಿತ್ತು, ಈಗ 1.006. ಇಲ್ಲೊಬ್ಬ ಫ್ರೆಂಡು ಪ್ಯಾಕೆಟ್ ಯೀಸ್ಟ್ ಹಾಕಿ ನೂಕು ಅಂತಾನೆ, ಆದ್ರೆ ಡೆಕ್ಸ್ಟ್ರಿನ್ ತಿನ್ನೋಕಾಗದೋನ್ನ ಕರೆಸಿ ಏನ್ ಪ್ರಯೋಜನ? ಇನ್ನೊಬ್ಬ ಹಂಗೇ ಬಾಟಲಿಗೆ ತುಂಬ್ಸು ಅಂತಾನೆ. ಉಳಿದ ಸಕ್ಕರೆ ಬಾಟಲೊಳಗೇ ಹುದುಗಿ ಗ್ಯಾಸ್ ಕಟ್ಟಿದ್ರೆ ಗಾಜು ಸಿಡಿದು ಕಣ್ಣಿಗೇ ಬೀಳೋದು. ಒಂದೆರಡು ತಿಂಗಳ ಅಂತರದಲ್ಲಿ ಒಂದೇ ನಂಬರ್ ಬರೋ ತನಕ ನಾನು ಮುಟ್ಟಲ್ಲ. ಇಲ್ಲಿನೋರು ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೆರೆಸಿ ಗ್ಯೂಜ್ ಅಂತ ಮಾಡ್ತಾರೆ, ಅವ್ರ ಮುಂದೆ ನಂದೇನೂ ತಡ ಅಲ್ಲ ಬಿಡು. ಕೈ ತುರಿಸಿದ್ರೆ ಪ್ಯಾಕೆಟ್ ಯೀಸ್ಟಿನ ಬಿಯರ್ ಮಾಡ್ಕಂಡು ಕುಡೀತೀನಿ, ಈ ಚಳಿಗೆ ಇನ್ನೊಂದು ಜಾಡಿನೂ ಇಡ್ತೀನಿ.

ಕನ್ನಂಬಾಡಿ ಕಟ್ಟೆ 124 ಅಡಿ ದಾಟ್ತು ಅಂತ ಮೊಬೈಲಲ್ಲಿ ನೋಡ್ದೆ, ನಾಲೆಗೆ ನೀರು ಬಿಟ್ರಾ? ಕೆಳಗಿನ ಗದ್ದೆಗೆ ಭತ್ತನೇ ಹಾಕ್ತೀಯೋ, ಅದೂ ಕಬ್ಬಿಗೆ ಹೋಯ್ತೋ? ಅವ್ವನ ಮಂಡಿ ನೋವಿಗೆ ಡಾಕ್ಟ್ರು ಬರೆದ ಮಾತ್ರೆ ತಪ್ಪಿಸ್ಬೇಡಿ, ದುಡ್ಡು ನಿನ್ ಅಕೌಂಟಿಗೇ ಹಾಕಿದೀನಿ. ದಸರಾಗೆ ಬತ್ತೀನಿ, ಟಿಕೆಟ್ ಆಗೈತೆ. ಬಿಯರ್ ತರಲ್ಲ, ಆಗಿರಲ್ಲ. ನಿಂಗೆ ಅಂಗಡಿದು ಒಂದು ಗ್ಯೂಜ್ ತತ್ತೀನಿ, ಹುಳಿ ಅಂತ ಉಗಿದ್ರೆ ಮಾತ್ರ ನೋಡು.

ನಿನ್ ತಮ್ಮ